ಕೂರಿಗೆಯ ಒಡೆಯ ಯಾರು?

ಕೂರಿಗೆಯ ಎರಡು ತಾಳುಗಳ ನಡುವೆ ಎಷ್ಟು ಅಂತರವಿರಬೇಕು? ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆ ಹೊಲಗಳಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುತ್ತಿದ್ದವನು ಬಿತ್ತುವ ರೈತನೇ. ಹಿಂಗಾರಿ ಜೋಳದ ಸಾಲು ಒಂದು ಬಗೆ, ಮುಂಗಾರಿಯಲ್ಲಿ ಹೆಸರು, ಉದ್ದಿನ ನಡುವೆ ತೊಗರಿ ಹಾಕುವವನ ಸಾಲು ಇನ್ನೊಂದು ಬಗೆ. ಅವನು ಗೇಣು, ಬೆರಳಿನ ಲೆಕ್ಕದಲ್ಲಿ ಹೇಳಿದ ಅಳತೆಗೆ ಬಡಿಗೇರ ದಿಂಡಿನಲ್ಲಿ ತೂತು ಕೊರೆಯುತ್ತಿದ್ದ, ಕಂಬಾರ ತಾಳಿನ ತುದಿಗೆ ಕಬ್ಬಿಣ ಕೂಡಿಸುತ್ತಿದ್ದ. ಕಟ್ಟಿಗೆ ಬಹುಪಾಲು ಬದುವಿನ ಜಾಲಿಯದೇ. ಕೂರಿಗೆಯ ಅಳತೆ ಗೊತ್ತಾದರೆ ಸಾಲುಗಳ ನಡುವೆ ಕಳೆ ತೆಗೆಯುವ ಎಡೆಕುಂಟೆಯ ಅಳತೆಯೂ ಗೊತ್ತಾದಂತೆ. ಬೇಕೆನಿಸಿದ ವರ್ಷ ಕೂರಿಗೆಯ ಒಂದು ಕಣ್ಣು ಮುಚ್ಚಿ, ಹಿಂದೆ ಬೇರೊಂದು ಕೊಳವೆ ಎಳೆದು ಅದೇ ಸಾಲಿನಲ್ಲಿ ತೊಗರಿ ಬಿತ್ತುವುದೂ ಸಾಧ್ಯವಿತ್ತು. ಉಡಿಯಲ್ಲಿ ಬೀಜ ಕಟ್ಟಿಕೊಂಡು ಹಿಂದೆ ನಡೆಯುವ ಹೆಣ್ಣುಮಕ್ಕಳ ಬೆರಳುಗಳೇ ಎಕರೆಗೆ ಎಷ್ಟು ಬೀಜ ಬೀಳಬೇಕೆಂಬುದನ್ನು ತೀರ್ಮಾನಿಸುತ್ತಿದ್ದವು. ಹೀಗೆ ಉಪಕರಣದ ಅಳತೆ, ಬಳಕೆ, ರಿಪೇರಿ ಮೂರೂ ಬಳಸುವವರ ಕಣ್ಣಳತೆಯಲ್ಲೇ ಇದ್ದವು. ಈ ಮೂರು ತಾಲ್ಲೂಕುಗಳ ಬೇಸಾಯದ ಚರಿತ್ರೆಯನ್ನು ಈ ದೃಷ್ಟಿಯಿಂದ ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕೊಂಡ ವಸ್ತುವಿನ ಒಡೆತನ ರಸೀದಿಯಿಂದ ಪೂರ್ತಿಯಾಗುವುದಿಲ್ಲ; ಅದನ್ನು ಬಿಚ್ಚುವ, ಸರಿಪಡಿಸುವ, ತನಗೆ ಬೇಕಾದಂತೆ ಹೊಂದಿಸಿಕೊಳ್ಳುವ, ಇನ್ನೊಬ್ಬರಿಗೆ ಕೊಡುವ ಅಧಿಕಾರ ಸಿಕ್ಕಾಗಲೇ ಪೂರ್ತಿಯಾಗುತ್ತದೆ. ಆ ಅಧಿಕಾರವಾದರೂ ತಾನಾಗಿ ಬರುವಂಥದ್ದಲ್ಲ. ಪ್ರತಿ ಕಾಲದಲ್ಲೂ ಸಮಾಜ ಅದನ್ನು ಒಂದು ವ್ಯವಸ್ಥೆಯಾಗಿ ಕಟ್ಟಬೇಕಾಗುತ್ತದೆ.

ಕೂರಿಗೆ ಸರಳವಾಗಿತ್ತು, ಆದ್ದರಿಂದಲೇ ರೈತನ ಕೈಯಲ್ಲಿತ್ತು ಎಂದು ಯಾರಾದರೂ ಹೇಳಬಹುದು. ಸರಳವೆಂಬ ಮಾತನ್ನು ಅಷ್ಟು ಸುಲಭವಾಗಿ ಒಪ್ಪಲಾಗದು. ಇಂಗ್ಲೆಂಡಿನಲ್ಲಿ 1701ರ ಸುಮಾರಿಗೆ ಜೆತ್ರೋ ಟಲ್ ಬಿತ್ತನೆ ಯಂತ್ರ ರೂಪಿಸಿದ್ದು ಅಲ್ಲಿನ ಕೃಷಿ ಚರಿತ್ರೆಯ ದೊಡ್ಡ ಘಟನೆ. ಅದೇ ಶತಮಾನದ ಕೊನೆಯ ದಶಕದಲ್ಲಿ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ ಎಂಬ ಸೇನಾಧಿಕಾರಿ ದಕ್ಷಿಣ ಭಾರತದ ಕೂರಿಗೆಯನ್ನು ಕಂಡು ಲಂಡನ್ನಿನ ಕೃಷಿ ಮಂಡಳಿಗೆ ಬರೆದ. ಸಾಲು ಹಿಡಿದು ಬಿತ್ತುವ ಉಪಕರಣ ಯುರೋಪಿನ ಹೊಸ ಶೋಧವೆಂದು ತಾನು ಅಲ್ಲಿಯವರೆಗೆ ನಂಬಿದ್ದೆನೆಂದು ಅವನೇ ಒಪ್ಪಿಕೊಂಡ. ಆ ಬರಹವನ್ನು ಧರಂಪಾಲರು ಹದಿನೆಂಟನೆಯ ಶತಮಾನದ ಭಾರತೀಯ ವಿಜ್ಞಾನ, ತಂತ್ರಜ್ಞಾನ ಕುರಿತ ತಮ್ಮ 1971ರ ಗ್ರಂಥದಲ್ಲಿ ಮತ್ತೆ ಬೆಳಕಿಗೆ ತಂದರು. ಮಣ್ಣಿನಡಿಯ ತೇವಕ್ಕೆ ಬೀಜ ಮುಟ್ಟಿಸುವುದು, ಸಾಲು ತಪ್ಪದಂತೆ ಹಲವು ತಾಳುಗಳಿಗೆ ಬೀಜ ಸಮನಾಗಿ ಹಂಚುವುದು ಸಣ್ಣ ಕೌಶಲವಲ್ಲ. ಮಳೆ ನಿಂತ ಮೇಲೆ ಉಳಿದ ತೇವದಲ್ಲೇ ಜೋಳ ಬೆಳೆಯುವ ಭೀಮಾ ತೀರದ ಹೊಲಗಳಿಗೆ ಅದು ಜೀವದ ಪ್ರಶ್ನೆ. ಅಂಥ ಸೂಕ್ಷ್ಮ ತಂತ್ರಜ್ಞಾನವೂ ಯಾರೊಬ್ಬರ ಗುಟ್ಟಾಗದೆ ಊರೂರಿನ ಬಡಿಗೇರರ ಕೈಯಲ್ಲಿ ಹರಡಿತ್ತು. ಸೂಕ್ಷ್ಮವಾದದ್ದೆಲ್ಲ ಮುಚ್ಚಿರಲೇಬೇಕು ಎಂಬುದು ನಿಯಮವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಒಡೆತನ ಎಂದರೇನು ಎಂಬ ಪ್ರಶ್ನೆಯೂ ಈ ನೆಲಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರಾ ಎಂಬ ಧರ್ಮಶಾಸ್ತ್ರ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನ ಹೆಸರು ಇದೇ ಕಲಬುರಗಿ ಜಿಲ್ಲೆಯ ಮರತೂರಿನೊಂದಿಗೆ ಬೆಸೆದುಕೊಂಡಿದೆ. ದಾಯಭಾಗದ ಚರ್ಚೆಯಲ್ಲಿ ಅವನು ಎತ್ತಿಕೊಂಡ ಮೂಲಪ್ರಶ್ನೆ ಇದು: ಸ್ವತ್ವ, ಅಂದರೆ ‘ಇದು ನನ್ನದು’ ಎನ್ನುವ ಹಕ್ಕು, ಶಾಸ್ತ್ರದಿಂದ ಮಾತ್ರ ತಿಳಿಯುವಂಥದ್ದೋ, ಲೋಕದ ವ್ಯವಹಾರದಿಂದ ತಿಳಿಯುವಂಥದ್ದೋ? ಅದು ಲೌಕಿಕವೇ ಎಂದು ಅವನು ನಿರ್ಣಯಿಸಿದ. ಶಾಸ್ತ್ರದ ಗಂಧವಿಲ್ಲದ ಗಡಿನಾಡಿನ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ, ನನ್ನದು ನಿನ್ನದು ಎನ್ನುತ್ತಾರೆ ಎಂಬುದು ಅವನು ಕೊಟ್ಟ ಕಾರಣಗಳಲ್ಲೊಂದು. ಅವನ ಮುಂದಿದ್ದದ್ದು ಆಸ್ತಿಯ ಹಂಚಿಕೆಯ ಪ್ರಶ್ನೆ, ಯಂತ್ರಗಳದಲ್ಲ. ಆದರೂ ಆ ನಿರ್ಣಯದಿಂದ ನಾವು ಕಲಿಯಬೇಕಾದ್ದು ಇದೆ. ಒಡೆತನವನ್ನು ಅಳೆಯುವ ಜಾಗ ಪತ್ರವಲ್ಲ, ವ್ಯವಹಾರ. ಕಾಗದದಲ್ಲಿ ಒಡೆಯನಾಗಿ, ವ್ಯವಹಾರದಲ್ಲಿ ಪ್ರತಿ ಹೆಜ್ಜೆಗೂ ಮಾರಿದವನ ಅಪ್ಪಣೆ ಕೇಳಬೇಕಾದವನು ನಿಜವಾಗಿ ಒಡೆಯನಲ್ಲ.

ಇಲ್ಲಿ ಅತ್ಯಂತ ಗಂಭೀರವಾದ ಆಕ್ಷೇಪವನ್ನು ಎದುರಿಸಬೇಕು. ಕೂರಿಗೆಯ ಮೇಲೆ ರೈತನಿಗಿದ್ದ ಹಿಡಿತದ ಹಿಂದೆ ಆಯದ ಪದ್ಧತಿ ಇತ್ತು. ಬಡಿಗೇರ, ಕಂಬಾರರು ವರ್ಷವಿಡೀ ಉಪಕರಣ ನೋಡಿಕೊಳ್ಳುತ್ತಿದ್ದರು, ರಾಶಿಯ ಕಾಲಕ್ಕೆ ಕಣದಲ್ಲಿ ಕಾಳು ಪಡೆಯುತ್ತಿದ್ದರು. ಕೆಲಸ ಹುಟ್ಟಿನಿಂದ ಬರುತ್ತಿತ್ತು, ಕೂಲಿಯ ಮಾತು ಕುಶಲಕರ್ಮಿಯ ಕೈಯಲ್ಲಿ ಇರಲಿಲ್ಲ. ಬರ ಬಂದ ವರ್ಷ ರೈತನ ಜೊತೆ ಅವನ ಮನೆಯ ಒಲೆಯೂ ಆರುತ್ತಿತ್ತು. ನಿಜಾಮರ ಆಳ್ವಿಕೆಯ ಹಳ್ಳಿಗಳಲ್ಲಿ ಬಿಟ್ಟಿ ಬೇಗಾರಿಯ ಭಾರ ಹೊತ್ತವರು ಆಯಗಾರರಿಗಿಂತ ಕೆಳಗಿದ್ದ ಜಾತಿಗಳ ಜನ. ಅವರಲ್ಲಿ ಅನೇಕರಿಗೆ ಸ್ವಂತ ಹೊಲವೂ ಇರಲಿಲ್ಲ, ಕೂರಿಗೆಯೂ ಇರಲಿಲ್ಲ. ಹಾಗಾಗಿ ಹಳೆಯ ಕಾಲವನ್ನು ಸುವರ್ಣಯುಗವೆಂದು ಕರೆಯುವುದು ಅನ್ಯಾಯ. ಬಳಸುವವನ ಸ್ವಾತಂತ್ರ್ಯ ಇನ್ನೊಬ್ಬನ ಬಂಧನದ ಮೇಲೆ ನಿಂತಿತ್ತು. ಈ ಸತ್ಯ ವಾದವನ್ನು ಬೀಳಿಸುವುದಿಲ್ಲ, ಅದರ ದಿಕ್ಕನ್ನು ತಿದ್ದುತ್ತದೆ. ಉಪಕರಣ ಸದಾ ನಡೆಯುವ ಸ್ಥಿತಿಯಲ್ಲಿರಬೇಕು, ರಿಪೇರಿಯ ವಿದ್ಯೆ ಊರಿನಲ್ಲೇ ಸಿಗಬೇಕು ಎಂಬುದನ್ನು ಹಿಂದಿನ ಸಮಾಜ ಅರಿತಿತ್ತು. ಅದಕ್ಕೆ ಅದು ಆರಿಸಿಕೊಂಡ ದಾರಿ ಜಾತಿ. ಅಗತ್ಯ ಇಂದಿಗೂ ಉಳಿದಿದೆ. ಜಾತಿ ಮಾಡಿದ ಕೆಲಸವನ್ನು ಇಂದು ಕಾನೂನು ಮತ್ತು ನ್ಯಾಯವಾದ ಕೂಲಿ ಮಾಡಬೇಕು.

ಕಾರ್ಖಾನೆಯ ಉಪಕರಣ ಬಂದಾಗ ಈ ಹಿಡಿತ ಒಮ್ಮೆಲೇ ಕಳೆದುಹೋಗಲಿಲ್ಲ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1903ರ ಹೊತ್ತಿಗೆ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆಂದು ರೈತರು ಹೆದರಿದ್ದರು ಎಂಬುದು ಪ್ರಸಿದ್ಧ. ಆ ಭಯ ಕ್ರಮೇಣ ಹೋಯಿತು, ಏಕೆಂದರೆ ಕರಿಕೆ ಬೇರು ಹಿಡಿದ ಎರೆ ಹೊಲವನ್ನು ಆಳಕ್ಕೆ ಮಗುಚುವ ಶಕ್ತಿ ಮರದ ನೇಗಿಲಿಗೆ ಇರಲಿಲ್ಲ. 1910ರಲ್ಲಿ ಅವರ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿ ತಲೆ ಎತ್ತಿತು. ಆದರೆ ಗಮನಿಸಬೇಕಾದ ಬದಲಾವಣೆ ಇನ್ನೊಂದು. ಬಡಿದ ಕಬ್ಬಿಣದ ಕುಡ ಸವೆದರೆ ಕಂಬಾರ ಕುಲುಮೆಯಲ್ಲಿ ಕಾಯಿಸಿ ಮತ್ತೆ ಮೊನೆ ಮಾಡುತ್ತಿದ್ದ. ಎರಕದ ಬಿಡಿಭಾಗ ಸವೆದರೆ ಬಡಿದು ಸರಿಪಡಿಸಲಾಗದು, ಹೊಸದನ್ನೇ ತರಬೇಕು. ಹಿಡಿತದ ಒಂದು ಪಾಲು ಹಳ್ಳಿಯಿಂದ ಕಾರ್ಖಾನೆಗೆ ಸರಿದದ್ದು ಆಗ. ಆದರೂ ನಟ್ಟು ಬೋಲ್ಟು ಬಿಚ್ಚಲು ಯಾರ ಅನುಮತಿಯೂ ಬೇಕಿರಲಿಲ್ಲ. ಮುಂದೆ ಬಂದ ಡೀಸೆಲ್ ಎಂಜಿನ್, ಪಂಪ್‌ಸೆಟ್, ಮೊದಲ ತಲೆಮಾರಿನ ಟ್ರ್ಯಾಕ್ಟರುಗಳೂ ಹೀಗೆಯೇ. ಪೇಟೆಯಲ್ಲಿ ಒಬ್ಬ ಮಿಸ್ತ್ರಿ ಕೆಲಸ ಕಲಿತರೆ ಸುತ್ತಲಿನ ಹತ್ತಾರು ಹಳ್ಳಿಗಳ ಎಂಜಿನ್ ನಡೆಯುತ್ತಿತ್ತು. ತಂತ್ರಜ್ಞಾನ ಹೊರಗಿನದಾದರೂ ವಿದ್ಯೆ ಊರಿನದಾಗಲು ದಾರಿ ತೆರೆದಿತ್ತು.

ಇದೇ ಕಥೆಯ ಇನ್ನೊಂದು ಮುಖ ಬೀಜ. ಬೀಜವೂ ತಂತ್ರಜ್ಞಾನವೇ, ತಲೆಮಾರುಗಳ ಆಯ್ಕೆ ಅದರಲ್ಲಿ ಅಡಗಿರುತ್ತದೆ. ತೊಗರಿಯ ಕಣಜವೆನಿಸಿದ ಈ ಜಿಲ್ಲೆಯನ್ನು ನೆಟೆ ರೋಗ ಕಾಡುತ್ತಿದ್ದಾಗ, ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ರೋಗ ತಡೆಯುವ ಐಸಿಪಿ 8863 ತಳಿಯನ್ನು ಆಯ್ದು ತೆಗೆಯಿತು. 1986ರಲ್ಲಿ ಅದು ಕರ್ನಾಟಕದಲ್ಲಿ ಮಾರುತಿ ಎಂಬ ಹೆಸರಿನಿಂದ ಬಿಡುಗಡೆಯಾಗಿ ಉತ್ತರ ಕರ್ನಾಟಕದ ಹೊಲಗಳನ್ನು ಬಹುಬೇಗ ವ್ಯಾಪಿಸಿತು. ಅದರ ಗುಣ ದೊಡ್ಡ ಕಾರಣ, ನಿಜ. ಅಷ್ಟೇ ದೊಡ್ಡ ಕಾರಣ ಅದರ ಸ್ವಭಾವ. ಒಬ್ಬ ರೈತ ಒಮ್ಮೆ ತಂದ ಬೀಜವನ್ನು ಆರಿಸಿ, ಒಣಗಿಸಿ, ಬೂದಿ ಬೆರೆಸಿಟ್ಟು ಮರುವರ್ಷ ಬಿತ್ತಬಹುದಿತ್ತು. ನೆರೆಯವನಿಗೆ ಸೇರು, ಎರಡು ಸೇರು ಕೊಡಬಹುದಿತ್ತು. ಜೇನು ಹಾರಿ ಪರಾಗ ಬೆರೆಯುವ ತೊಗರಿಯಲ್ಲಿ ಕಾಲಕ್ರಮೇಣ ಶುದ್ಧತೆ ಕುಂದುತ್ತದೆ, ಆಗ ಹೊಸ ಬೀಜ ತರಬೇಕು. ಆದರೆ ಯಾವಾಗ ತರಬೇಕೆಂಬ ತೀರ್ಮಾನ ಮಾತ್ರ ರೈತನದೇ. ಸಾರ್ವಜನಿಕ ಹಣದಿಂದ ನಡೆದ ಸಂಶೋಧನೆ ಹೊಲಕ್ಕೆ ಬಂದು ರೈತನ ಸ್ವತ್ತಾದ ಬಗೆಗೆ ಇದು ಒಳ್ಳೆಯ ನಿದರ್ಶನ.

ಹೈಬ್ರಿಡ್ ಬೀಜದ ಸ್ವಭಾವ ಬೇರೆ. ಅದರ ಕಾಳನ್ನೇ ಬಿತ್ತಿದರೆ ಮೊದಲ ಬೆಳೆಯ ಗುಣ ಉಳಿಯುವುದಿಲ್ಲ, ಆದ್ದರಿಂದ ಪ್ರತಿ ವರ್ಷ ಕೊಳ್ಳಲೇಬೇಕು. 1991ರಲ್ಲಿ ಬಿಡುಗಡೆಯಾದ ಐಸಿಪಿಎಚ್ 8 ತೊಗರಿಯ ಮೊದಲ ಹೈಬ್ರಿಡ್. ಹೈಬ್ರಿಡ್ ತಪ್ಪೇನಲ್ಲ, ಇಳುವರಿಯ ಲಾಭ ನೋಡಿ ಆರಿಸಿಕೊಳ್ಳುವ ಸ್ವಾತಂತ್ರ್ಯ ರೈತನಿಗಿರಲಿ. ಆತಂಕ ಹುಟ್ಟಿದ್ದು ಆಯ್ಕೆಯೇ ಇಲ್ಲದಂತೆ ಮಾಡುವ ಪ್ರಯತ್ನಗಳಿಂದ. ಜಾಗತಿಕ ವ್ಯಾಪಾರ ಒಪ್ಪಂದದ ಡಂಕೆಲ್ ಕರಡಿನ ಕಾಲದಲ್ಲಿ ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘ ಬೀಜದ ಹಕ್ಕನ್ನು ಬೀದಿಯ ಪ್ರಶ್ನೆಯಾಗಿಸಿತು. 1998ರಲ್ಲಿ ಅಮೆರಿಕದಲ್ಲಿ ಮರುಮೊಳಕೆಯನ್ನೇ ಕೊಲ್ಲುವ ‘ಟರ್ಮಿನೇಟರ್’ ತಂತ್ರಕ್ಕೆ ಪೇಟೆಂಟ್ ಸಿಕ್ಕಾಗ ಆ ಭಯಕ್ಕೆ ಆಧಾರವಿತ್ತೆಂಬುದು ಜಗತ್ತಿಗೇ ಗೊತ್ತಾಯಿತು. ಈ ಒತ್ತಡಗಳ ನಡುವೆ ರೂಪುಗೊಂಡ 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಅಪರೂಪದ್ದು. ಅದರ 39ನೆಯ ಕಲಂ ಪ್ರಕಾರ, ತಳಿಯ ಹಕ್ಕು ಕಂಪನಿಯ ಹೆಸರಿನಲ್ಲಿದ್ದರೂ ರೈತ ತನ್ನ ಬೆಳೆಯ ಬೀಜವನ್ನು ಉಳಿಸಿಡಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು. ಬ್ರ್ಯಾಂಡಿನ ಚೀಟಿ ಹಚ್ಚಿ ಮಾತ್ರ ಮಾರುವಂತಿಲ್ಲ. ಹೇಳಿದ ಗುಣ ಬೀಜದಲ್ಲಿ ಕಾಣದಿದ್ದರೆ ಪರಿಹಾರ ಕೇಳುವ ದಾರಿಯೂ ಅದರಲ್ಲಿದೆ. ಟರ್ಮಿನೇಟರ್ ತಂತ್ರವಿರುವ ತಳಿಯ ನೋಂದಣಿಗೆ ಅದು ಅವಕಾಶ ಕೊಡುವುದಿಲ್ಲ. ತಳಿ ಮಾಡಿದವನ ಶ್ರಮಕ್ಕೆ ಪ್ರತಿಫಲ ಮತ್ತು ಕೊಂಡವನ ಒಡೆತನ ಒಟ್ಟಿಗೆ ಬಾಳಬಲ್ಲವು ಎಂದು ಭಾರತದ ಸಂಸತ್ತು ಬೀಜದ ವಿಷಯದಲ್ಲಿ ಒಪ್ಪಿಕೊಂಡಂತಾಯಿತು.

ಬೀಜಕ್ಕೆ ಒಪ್ಪಿದ ನ್ಯಾಯ ಯಂತ್ರಕ್ಕೆ ಏಕೆ ಬೇಡ? ಐವತ್ತು ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದ ಮೇಲೆ, ಇಂಧನವನ್ನು ಅಳೆದು ಚಿಮ್ಮಿಸುವ ಕೆಲಸ ವಿದ್ಯುನ್ಮಾನ ನಿಯಂತ್ರಕಕ್ಕೆ ಹೋಗುತ್ತಿದೆ. ಗಾಳಿಗೆ ಒಳ್ಳೆಯದು, ಸ್ವಾಗತಾರ್ಹ. ಆದರೆ ದೋಷ ಎಲ್ಲಿದೆಯೆಂದು ತೋರಿಸುವ ಸಾಧನ ಮತ್ತು ಸಾಫ್ಟ್‌ವೇರ್ ಕಂಪನಿಯ ಅಧಿಕೃತ ಕೇಂದ್ರದಲ್ಲಿ ಮಾತ್ರವಿದ್ದರೆ ಮಿಸ್ತ್ರಿಯ ಕೈ ಕಟ್ಟಿದಂತೆ. ಬಿತ್ತನೆಯ ಹದ ಕೆಲವೇ ದಿನ ಇರುವ ಎರೆ ಭೂಮಿಯಲ್ಲಿ ಒಂದು ವಾರದ ಕಾಯುವಿಕೆ ಒಂದು ವರ್ಷದ ಬೆಳೆಯನ್ನೇ ತಿನ್ನಬಲ್ಲದು. ಕಾರುಗಳ ಬಿಡಿಭಾಗ ಮುಕ್ತ ಮಾರುಕಟ್ಟೆಯಲ್ಲಿ ಸಿಗದಂತೆ ಮಾಡಿದ್ದು ಸ್ಪರ್ಧೆಗೆ ಮಾರಕವೆಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ ಹದಿನಾಲ್ಕು ಕಂಪನಿಗಳ ವಿರುದ್ಧ ತೀರ್ಪಿತ್ತಿತು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ನೇಮಿಸಿ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನಗಳ ಜೊತೆಗೆ ಕೃಷಿ ಉಪಕರಣಗಳನ್ನೂ ಪಟ್ಟಿಗೆ ಸೇರಿಸಿತು. ಮರುವರ್ಷ ಅಮೆರಿಕದ ಕೊಲರಾಡೊ ರಾಜ್ಯ ಕೃಷಿ ಯಂತ್ರಗಳ ರಿಪೇರಿ ಹಕ್ಕನ್ನು ಕಾನೂನಾಗಿಸಿತು. ಸಾವಿರಾರು ಎಕರೆ ಉಳುವ ಅಲ್ಲಿನ ರೈತನಿಗೇ ಈ ರಕ್ಷಣೆ ಬೇಕಾಗಿದ್ದರೆ, ಸಾಲ ಮಾಡಿ ಟ್ರ್ಯಾಕ್ಟರ್ ತರುವ ಜೇವರ್ಗಿಯ ರೈತನಿಗೆ ಎಷ್ಟು ಬೇಕು!

ಇದಕ್ಕೆ ಎರಡು ಎದುರು ಮಾತುಗಳಿವೆ. ಅನುಭವವಿಲ್ಲದವರು ಬಿಚ್ಚಿದರೆ ಅಪಾಯ, ಕಂಪನಿಯ ಹೂಡಿಕೆಗೂ ನಷ್ಟ ಎಂಬುದು ಒಂದು. ಸುರಕ್ಷತೆಗೆ ಮದ್ದು ತಿಳಿವಳಿಕೆ. ಮರೆಮಾಚುವುದರಿಂದ ಅಪಾಯ ಕಡಿಮೆಯಾಗದು, ಕದ್ದು ಮಾಡುವ ರಿಪೇರಿ ಹೆಚ್ಚುತ್ತದೆ. ಕೈಪಿಡಿ, ಬಿಡಿಭಾಗ, ದೋಷ ಪತ್ತೆಯ ಸಾಧನವನ್ನು ನ್ಯಾಯವಾದ ಬೆಲೆಗೆ ಕೊಡಿ ಎಂದು ಕೇಳುವುದು ಕಂಪನಿಯ ಶೋಧವನ್ನು ದೋಚಿದಂತೆ ಆಗುವುದಿಲ್ಲ. ಎರಡನೆಯ ಮಾತು ಹೆಚ್ಚು ಪ್ರಾಯೋಗಿಕವಾದದ್ದು: ಸಣ್ಣ ರೈತ ಯಂತ್ರವನ್ನು ಕೊಳ್ಳಲೇಬೇಕೆ, ಬಾಡಿಗೆಗೆ ತಂದರೆ ಸಾಲದೆ? ಕರ್ನಾಟಕದಲ್ಲಿ 2014-15ರಿಂದ ಕೃಷಿ ಯಂತ್ರಧಾರೆ ಕೇಂದ್ರಗಳು ಇದೇ ಉದ್ದೇಶದಿಂದ ಹೋಬಳಿ ಮಟ್ಟದಲ್ಲಿ ಬಂದವು, ಅವು ಬೇಕು. ಎರವಲು, ಮುಯ್ಯಿಗಳಲ್ಲಿ ಬದುಕಿದ ಹಳ್ಳಿಗೆ ಹಂಚಿಕೊಳ್ಳುವುದು ಹೊಸದೂ ಅಲ್ಲ. ಆದರೆ ಬಾಡಿಗೆಯ ಯಂತ್ರವೂ ಕೆಡುತ್ತದೆ, ಅದಕ್ಕೂ ಒಬ್ಬ ಮಿಸ್ತ್ರಿ ಬೇಕು. ಒಂದು ಯಂತ್ರ ನಿಂತರೆ ನೂರು ಹೊಲ ಕಾಯಬೇಕಾಗುವುದರಿಂದ ಅಲ್ಲಿ ರಿಪೇರಿಯ ಹಕ್ಕಿನ ಬೆಲೆ ಇನ್ನೂ ಹೆಚ್ಚು.

ಇಂದು ಈ ಮೂರು ತಾಲ್ಲೂಕುಗಳ ಹೊಲಗಳಲ್ಲಿ ಟ್ರ್ಯಾಕ್ಟರ್ ಹಿಂದೆ ಸಾಗುವ ಕಬ್ಬಿಣದ ಕೂರಿಗೆಯನ್ನು ನೋಡಿ. ಅದರ ತಾಳುಗಳನ್ನು ಅಡ್ಡಪಟ್ಟಿಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ; ಪಾನಾ ಹಿಡಿದು ಸಡಿಲಿಸಿ, ಜೋಳಕ್ಕೆ ಒಂದು ಅಂತರ, ಕಡಲೆಗೆ ಇನ್ನೊಂದು ಅಂತರ ಎಂದು ಸರಿಸಬಹುದು. ಮುರಿದರೆ ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಕೂಡಿಸುತ್ತಾರೆ. ಬಡಿಗೇರನ ಉಳಿ ಹೋಗಿ ವೆಲ್ಡಿಂಗ್ ಕಡ್ಡಿ ಬಂದಿದೆ, ಕಾಳಿನ ಆಯ ಹೋಗಿ ರೊಕ್ಕದ ಕೂಲಿ ಬಂದಿದೆ, ಅಳತೆ ಮಾತ್ರ ಇಂದಿಗೂ ಬಿತ್ತುವವನದೇ. ಜಾತಿಯ ಹಂಗಿಲ್ಲದೆಯೂ ಬಳಸುವವನ ಹಿಡಿತ ಉಳಿಯಬಹುದು ಎಂಬುದಕ್ಕೆ ಈ ಕೂರಿಗೆಯೇ ಪುರಾವೆ. ಅದನ್ನು ಎಳೆಯುತ್ತಿರುವ ಎಂಜಿನ್ನಿನ ಮುಚ್ಚಳದ ಕೆಳಗೂ ಅದೇ ನ್ಯಾಯ ನಡೆಯಬೇಕು. ಹಿಂದಿನ ಕೂರಿಗೆಗೆ ಒಡೆಯನಾದ ರೈತ ಮುಂದಿನ ಯಂತ್ರಕ್ಕೆ ಬರೀ ಗಿರಾಕಿಯಾಗಿ ಉಳಿಯಬಾರದು.