ವಾರಾನ್ನದಿಂದ ವಿದ್ಯಾರ್ಥಿನಿಲಯದವರೆಗೆ: ಊಟದ ಪಂಕ್ತಿಯ ಸಾಮಾಜಿಕ ಚರಿತ್ರೆ

ಕರ್ನಾಟಕದ ಉನ್ನತ ಶಿಕ್ಷಣದ ಚರಿತ್ರೆಯನ್ನು ವಿಶ್ವವಿದ್ಯಾನಿಲಯಗಳ ಸ್ಥಾಪನೆ, ಪಠ್ಯಕ್ರಮ ಹಾಗೂ ಕುಲಪತಿಗಳ ಸಾಧನೆಯ ನೆಲೆಯಿಂದ ಬರೆದಷ್ಟು ವಿದ್ಯಾರ್ಥಿನಿಲಯಗಳ ನೆಲೆಯಿಂದ ಬರೆದಿಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಯಿತು. ಆದರೆ ಹಳ್ಳಿಯ ಬಡ ಹುಡುಗನಿಗೆ ತರಗತಿಗಿಂತ ಮೊದಲು ಬೇಕಾಗಿದ್ದುದು ಎರಡು ಹೊತ್ತಿನ ಊಟ ಮತ್ತು ಮಲಗಲು ಜಾಗ. ಅವು ಯಾರಿಗೆ ದೊರೆತವು, ಯಾರಿಗೆ ದೊರೆಯಲಿಲ್ಲ ಎಂಬುದೇ ಪ್ರಸ್ತುತ ಲೇಖನದ ವಿಷಯ.

ವಿದ್ಯಾರ್ಥಿನಿಲಯಗಳಿಗೆ ಮೊದಲು ವಾರಾನ್ನವಿತ್ತು. ವಾರದ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಉಣ್ಣುವ ಪದ್ಧತಿ ಇದು. ಒಂದು ಮನೆಯಲ್ಲಿ ಸೂತಕವೋ ಪ್ರಯಾಣವೋ ಬಂದರೆ ಆ ದಿನ ಉಪವಾಸ. ಈ ಹಂಗಿನ ಅನ್ನವೂ ಬಹುಮಟ್ಟಿಗೆ ಬ್ರಾಹ್ಮಣ ವಿದ್ಯಾರ್ಥಿಗಳಿಗಷ್ಟೇ ಲಭ್ಯವಿತ್ತು. ಉಣ್ಣುವವನ ಜಾತಿ ಉಣಿಸುವ ಮನೆಗೆ ಒಪ್ಪಿಗೆಯಾಗಬೇಕಿತ್ತು. ಉಳಿದ ಸಮುದಾಯಗಳ ಹುಡುಗರಿಗೆ ಪಟ್ಟಣದಲ್ಲಿ ತಟ್ಟೆಯಿಡುವ ಮನೆಯೇ ಇರಲಿಲ್ಲ.

ಈ ಕೊರತೆಯಿಂದಲೇ ಸಮುದಾಯದ ವಿದ್ಯಾರ್ಥಿನಿಲಯಗಳು ಹುಟ್ಟಿದವು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಸ್ಥಾಪಿಸಿದ ಸಂಸ್ಥೆಯು ದಲಿತ ಮಕ್ಕಳಿಗೆ ಶಾಲೆಯೊಂದಿಗೆ ವಸತಿಯನ್ನೂ ಕಲ್ಪಿಸಿತು. 1906ರಲ್ಲಿ ಒಕ್ಕಲಿಗರ ಸಂಘ ಸ್ಥಾಪನೆಯಾಯಿತು. ವೀರಶೈವ ಮಠಗಳ ಪ್ರಸಾದನಿಲಯಗಳು ದಾಸೋಹದ ಪರಂಪರೆಯನ್ನು ಆಧುನಿಕ ಶಿಕ್ಷಣಕ್ಕೆ ಜೋಡಿಸಿದವು. ಮುಂದೆ ಸರ್ಕಾರಿ ವಿದ್ಯಾರ್ಥಿನಿಲಯಗಳು ಊಟವನ್ನು ದಾನದಿಂದ ಹಕ್ಕಿನ ಕಡೆಗೆ ಸರಿಸಿದವು. 1975ರಲ್ಲಿ ವರದಿ ಸಲ್ಲಿಸಿದ ಹಾವನೂರ ಆಯೋಗದ ಕಾಲಘಟ್ಟ ಈ ದೃಷ್ಟಿಯಿಂದ ಮಹತ್ವದ್ದು. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ವಿದ್ಯಾರ್ಥಿನಿಲಯವು ಒಂದು ತಲೆಮಾರಿನ ಅರಿವನ್ನು ರೂಪಿಸಿದ ತಾಣವಾಗಿ ಮೂಡಿಬಂದಿದೆ.

ಇಲ್ಲಿ ಒಂದು ವೈರುಧ್ಯವನ್ನು ಗಮನಿಸಬೇಕು. ಜಾತಿಯ ಹೆಸರಿನ ನಿಲಯಗಳು ಕಾಲೇಜಿನ ಬಾಗಿಲನ್ನು ತೆರೆದವು. ಆದರೆ ಪಂಕ್ತಿಯನ್ನು ಜಾತಿಯೊಳಗೇ ಉಳಿಸಿದವು. ಎಲ್ಲರೂ ಒಂದೇ ಸಾಲಿನಲ್ಲಿ ಕೂರುವ ಸಾಧ್ಯತೆ ವಿಶ್ವವಿದ್ಯಾನಿಲಯದ ಸಾಮಾನ್ಯ ನಿಲಯಗಳಲ್ಲಿ ಹೆಚ್ಚಾಗಿ ಒದಗಿತು. ಈ ಲೇಖಕನ ವಿದ್ಯಾರ್ಥಿ ದಿನಗಳಲ್ಲಿ ರಜೆ ಮುಗಿಸಿ ಬಂದವರ ಗಂಟಿನ ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಳೆಯ ಮೈಸೂರಿನ ಗೆಳೆಯರ ತಟ್ಟೆಗೂ ಬರುತ್ತಿದ್ದವು. ರಾತ್ರಿ ಕರೆಂಟು ಹೋದಾಗ ಒಬ್ಬನ ಊರಿನ ಮಾರಿಹಬ್ಬದ ಕಥೆಗೆ ಇನ್ನೊಬ್ಬನ ಊರಿನ ಮೊಹರಂ ಪದ ಉತ್ತರವಾಗುತ್ತಿತ್ತು. ಆದರೂ ಮೊದಲ ದಿನ ಕೇಳುತ್ತಿದ್ದ ‘ನಿಮ್ಮದು ಯಾವ ಕಡೆ?’ ಎಂಬ ಪ್ರಶ್ನೆ ಊರನ್ನಷ್ಟೇ ಕುರಿತದ್ದಾಗಿರಲಿಲ್ಲ. ಅದಕ್ಕೆ ಉತ್ತರ ಹುಡುಕಿ ತಡವರಿಸಿದವರ ಮೌನವೂ ಈ ಚರಿತ್ರೆಯ ಭಾಗವೇ.

ನಿಲಯಗಳ ದಾಖಲೆಗಳಲ್ಲಿ ಸ್ಥಾಪಕರು, ದಾನಿಗಳು, ಅಕ್ಕಿಯ ಲೆಕ್ಕ ಸಿಗಬಹುದು; ಯಾರ ಪಕ್ಕದಲ್ಲಿ ಯಾರು ಕುಳಿತು ಉಂಡರೆಂಬುದು ಸಿಗದು. ಅದು ಉಳಿದಿರುವುದು ಉಂಡವರ ನೆನಪಿನಲ್ಲಿ. ಆ ತಲೆಮಾರುಗಳು ಮರೆಯಾಗುವ ಮುನ್ನ ಈ ಮೌಖಿಕ ಆಕರಗಳನ್ನು ಜಿಲ್ಲಾವಾರು ಸಂಗ್ರಹಿಸುವುದು ಜಾನಪದ ಅಧ್ಯಯನದ ತುರ್ತಾಗಿದೆ.