ಕಣ್ಣು ಕಟ್ಟಿ ವಿಮಾನ ಇಳಿಸೋ ಕಥೆ: ವದ್ದಿಕೆರೆಯಿಂದ ಕುದಾಪುರಕ್ಕೆ

2023ರ ಆಗಸ್ಟ್ 20, ಭಾನುವಾರ ಬೆಳಗ್ಗೆ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರ ಹೊಲದಲ್ಲಿ ಒಂದು ವಿಮಾನ ಬಿತ್ತು. ನಾನು ವಿಡಿಯೋ ನೋಡಿದ್ದು ಮೊಬೈಲಲ್ಲೇ, ನೀವೂ ನೋಡಿರ್ತೀರಿ. ಒಳಗೆ ಪೈಲಟ್ ಇರಲಿಲ್ಲ. ಅದು ಡಿಆರ್‌ಡಿಒದ ತಪಸ್ ಡ್ರೋನ್. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಇದಾಗಿ ನಾಲ್ಕು ತಿಂಗಳೂ ಕಳೆದಿರಲಿಲ್ಲ, ಡಿಸೆಂಬರ್ ಮಧ್ಯದಲ್ಲಿ ಇನ್ನೊಂದು ಸುದ್ದಿ ಬಂತು. ನಾಯಕನಹಟ್ಟಿ ಪಕ್ಕದ ಕುದಾಪುರದಲ್ಲಿ ಬಾಲವೇ ಇಲ್ಲದ, ರೆಕ್ಕೆ ಮಾತ್ರ ಇರೋ ಒಂದು ವಿಮಾನ ರನ್‌ವೇ ಮೇಲೆ ತಾನಾಗೇ ಇಳಿದಿತ್ತು. ನೆಲದ ಮೇಲೆ ರೇಡಾರ್ ಇಲ್ಲ, ದಾರಿ ತೋರಿಸೋ ಆಂಟೆನಾ ಇಲ್ಲ.

ಅದರಲ್ಲೇನು ದೊಡ್ಡದು ಅಂತೀರಾ? ಸ್ವಲ್ಪ ಹಿಂದಕ್ಕೆ ಹೋಗೋಣ.

1929ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕ್ ಹತ್ತಿರ ಜಿಮ್ಮಿ ಡೂಲಿಟ್ಲ್ ಅನ್ನೋ ಪೈಲಟ್ ಕಾಕ್‌ಪಿಟ್‌ಗೆ ಪೂರ್ತಿ ಮುಸುಕು ಹಾಕಿಸಿಕೊಂಡು ಹಾರಿದ, ಹಾಗೇ ಇಳಿಸಿದ. ಹೊರಗೆ ಏನೂ ಕಾಣ್ತಿರಲಿಲ್ಲ. ನಂಬಿದ್ದು ರೇಡಿಯೊ ಮತ್ತು ಮುಳ್ಳುಗಳನ್ನ ಮಾತ್ರ. ಈ ದಾರಿಯಲ್ಲೇ ಮುಂದೆ ಐಎಲ್‌ಎಸ್ ಬಂತು. 1938ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹಿಮ ಸುರಿಯುವಾಗ ಒಂದು ಪ್ರಯಾಣಿಕರ ವಿಮಾನ ಇದರಿಂದಲೇ ಇಳೀತು.

ಐಎಲ್‌ಎಸ್ ಲೆಕ್ಕ ಸರಳ. ರನ್‌ವೇ ಕೊನೆಯ ಆಂಟೆನಾದಿಂದ ಎರಡು ಸಿಗ್ನಲ್ ಬರುತ್ತೆ, ಎಡಕ್ಕೆ 90 ಹರ್ಟ್ಸ್, ಬಲಕ್ಕೆ 150. ಎರಡೂ ಸಮ ಇದ್ದರೆ ನೀವು ನಟ್ಟ ನಡುವೆ. ಇಳಿಜಾರಿಗೂ ಇಂಥದ್ದೇ ಜೋಡಿ, ಸುಮಾರು 3 ಡಿಗ್ರಿ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ದಕ್ಷಿಣ ರನ್‌ವೇಯಲ್ಲಿ ಇದರ ಅತಿ ಮುಂದುವರಿದ ದರ್ಜೆ, ಕ್ಯಾಟ್-3ಬಿ ಇದೆ. ಬರೀ 50 ಮೀಟರ್ ಕಂಡರೂ ಇಳೀಬಹುದು. ಅಂದ್ರೆ ಎರಡು ಕರೆಂಟ್ ಕಂಬದ ನಡುವಿನಷ್ಟು ದೂರ!

ಆದ್ರೆ ಪ್ರತಿ ರನ್‌ವೇಗೂ ಈ ಆಂಟೆನಾ ಎಲ್ಲ ನೆಡಬೇಕು, ಕಾಯಬೇಕು. ಕುದಾಪುರದ ವಿಮಾನ ಬಳಸಿದ್ದು ಗಗನ್. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ವ್ಯವಸ್ಥೆ. ದೇಶದ ಹಲವೆಡೆ ಇರೋ ಕೇಂದ್ರಗಳಿಗೆ ತಾವಿರೋ ಜಾಗ ಕರಾರುವಾಕ್ಕಾಗಿ ಗೊತ್ತು. ಜಿಪಿಎಸ್ ಎಷ್ಟು ತಪ್ಪು ಹೇಳ್ತಿದೆ ಅಂತ ಅವು ಹಿಡೀತವೆ. ಬೆಂಗಳೂರಲ್ಲಿ ತಿದ್ದುಪಡಿ ಲೆಕ್ಕ ಆಗುತ್ತೆ, ಜಿಸ್ಯಾಟ್ ಉಪಗ್ರಹದ ಮೂಲಕ ವಿಮಾನಕ್ಕೆ ವಾಪಸ್ ಬರುತ್ತೆ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋ ವಿಮಾನ ಗಗನ್ ಹಿಡಿದು ಇಳಿದಿತ್ತು. ದಟ್ಟ ಮಂಜಿಗೆ ಗಗನ್ ಒಂದೇ ಸಾಲದು, ಅದನ್ನೂ ಹೇಳಿಬಿಡ್ತೀನಿ. ಕುದಾಪುರದಲ್ಲೂ ವಿಮಾನದ ಒಳಗಿನ ಸೆನ್ಸರ್‌ಗಳ ಲೆಕ್ಕ ಜೊತೆಗಿತ್ತು.

ನನಗೆ ಇದು ಹೆಮ್ಮೆಯೇ. ಆದ್ರೆ ಪೂರ್ತಿ ಹೆಮ್ಮೆ ಅಲ್ಲ. ಆ ರನ್‌ವೇ ಇರೋದು ಕುರಿ, ದನ ಮೇಯ್ತಿದ್ದ ಅಮೃತ ಮಹಲ್ ಕಾವಲಿನ ಸೀಮೆಯಲ್ಲಿ. ಕಾವಲಿಗಾಗಿ ಜನ ಹಸಿರು ನ್ಯಾಯಮಂಡಳಿ ಮೆಟ್ಟಿಲನ್ನೂ ಹತ್ತಿದ್ರು. ಇನ್ನು, ಇಳಿಯೋ ವ್ಯವಸ್ಥೆ ಎಷ್ಟೇ ನಿಖರವಾಗಿರಲಿ, ಅದು ಕೆಲಸ ಮಾಡೋದು ವಿಮಾನ ರನ್‌ವೇ ತನಕ ಬಂದ್ರೆ. ವದ್ದಿಕೆರೆಯಲ್ಲಿ ಬಿದ್ದದ್ದು ಅಲ್ಲಿಗೆ ಬರಲೇ ಇಲ್ಲ.