ಕಾದ ಕಬ್ಬಿಣದಿಂದ ತೂಕದ ಕಬ್ಬಿಣಕ್ಕೆ: ಪೆಟ್ಟಾದ ಭುಜದ ಚಿಕಿತ್ಸೆ ನಡೆದು ಬಂದ ದಾರಿ

ಭುಜದಷ್ಟು ದಿಕ್ಕುಗಳಿಗೆ ಹೊರಳುವ ಕೀಲು ನಮ್ಮ ಮೈಯಲ್ಲಿ ಇನ್ನೊಂದಿಲ್ಲ. ಅಷ್ಟು ಸಲೀಸಾಗಿ ಹೊರಳಬೇಕಾದರೆ ಬಿಗಿ ಕಡಿಮೆಯೇ ಇರಬೇಕು. ತೋಳಿನ ಮೂಳೆಯ ಗುಂಡುತಲೆಯಲ್ಲಿ ಹೆಚ್ಚೆಂದರೆ ಮೂರನೇ ಒಂದು ಭಾಗ ಹೆಗಲ ಮೂಳೆಯ ಆಳವಿಲ್ಲದ ಬಟ್ಟಲಿಗೆ ತಾಗಿಕೊಂಡಿರುತ್ತದೆ. ಉಳಿದ ಹಿಡಿತವೆಲ್ಲ ಬಟ್ಟಲಿನ ಅಂಚಿಗೆ ಕೂತ ಲೇಬ್ರಮ್ ಎಂಬ ಬಳೆಯದು, ಸುತ್ತಲಿನ ಅಸ್ಥಿರಜ್ಜುಗಳದು, ಗುಂಡನ್ನು ಎಲ್ಲ ಕಡೆಯಿಂದ ಒತ್ತಿ ಹಿಡಿಯುವ ರೊಟೇಟರ್ ಕಫ್‌ನ ನಾಲ್ಕು ಸ್ನಾಯುಗಳದು. ಕೈ ಮೇಲೆತ್ತಿದಂತೆ ಹೆಗಲ ಮೂಳೆಯೂ ಪಕ್ಕೆಲುಬಿನ ಮೇಲೆ ಜಾರಿ ಜಾಗ ಮಾಡಿಕೊಡಬೇಕು. ಇವಿಷ್ಟೂ ಒಟ್ಟಿಗೆ ದುಡಿದಾಗ ಮಾತ್ರ ತಲೆಯ ಮೇಲೆ ಬಾರ್ಬೆಲ್ ಅಲುಗದೆ ನಿಲ್ಲುತ್ತದೆ.

ಹೀಗಾಗಿ ಭಾರ ಎತ್ತುವವರಿಗೆ ಭುಜದ ನೋವು ಅಪರೂಪವಲ್ಲ. ಅಮೆರಿಕದ ಒಲಿಂಪಿಕ್ ತರಬೇತಿ ಕೇಂದ್ರಗಳಲ್ಲಿ ಆರು ವರ್ಷ ದಾಖಲಾದ ವೇಟ್‌ಲಿಫ್ಟರ್‌ಗಳ ಗಾಯಗಳ ಲೆಕ್ಕ 1999ರಲ್ಲಿ ಪ್ರಕಟವಾಯಿತು. ಅದರಲ್ಲಿ ಬೆನ್ನು, ಮಂಡಿ, ಭುಜ ಈ ಮೂರರ ಪಾಲೇ ಶೇ 64.8. ಇಂಥ ಭುಜವನ್ನು ಗುಣಪಡಿಸುವುದು ಹೇಗೆಂಬ ಪ್ರಶ್ನೆಗೆ ವೈದ್ಯಲೋಕ ಎರಡು ಸಾವಿರ ವರ್ಷಗಳಿಂದ ಉತ್ತರ ಹುಡುಕುತ್ತಿದೆ. ಕೆಟ್ಟದ್ದನ್ನು ಹುಡುಕಿ ಸರಿಪಡಿಸಬೇಕು ಎನ್ನುವುದು ಒಂದು ದಾರಿ, ಉಳಿದ ಬಲಕ್ಕೆ ಹಂತಹಂತವಾಗಿ ಕೆಲಸ ಕೊಟ್ಟು ಬೆಳೆಸಬೇಕು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಸಿಕ್ಕಷ್ಟು ಮರ್ಯಾದೆ ಎರಡನೆಯದಕ್ಕೆ ಬಹುಕಾಲ ಸಿಗಲಿಲ್ಲ. ಈಗ ಸಿಗುತ್ತಿದೆ, ಅದಕ್ಕೆ ಬಲವಾದ ಆಧಾರಗಳೂ ಇವೆ.

ಒನಕೆ ಮತ್ತು ಸಲಾಕೆ

ಗ್ರೀಸಿನ ಹಿಪೊಕ್ರೆಟಿಸ್ ಹೆಸರಿನಲ್ಲಿರುವ ಗ್ರಂಥಗಳು ಜಾರಿದ ಭುಜವನ್ನು ಕೂರಿಸುವ ಹಲವು ಬಗೆಗಳನ್ನು ವಿವರಿಸುತ್ತವೆ. ವೈದ್ಯನು ರೋಗಿಯ ಕಂಕುಳಿಗೆ ಹಿಮ್ಮಡಿ ಊರಿ ಕೈ ಎಳೆಯುವುದು ಅವುಗಳಲ್ಲಿ ಒಂದು. ಮತ್ತೆ ಮತ್ತೆ ಜಾರುವ ಭುಜಕ್ಕೆ ಹೇಳಿರುವ ಮದ್ದು ಘೋರವಾದದ್ದು. ಕಂಕುಳ ಚರ್ಮವನ್ನು ಎತ್ತಿ ಹಿಡಿದು ಕಾದ ಕಬ್ಬಿಣದ ಸಲಾಕೆಯಿಂದ ಸುಡಬೇಕು, ಆಮೇಲೆ ತೋಳನ್ನು ಮೈಗೆ ಕಟ್ಟಿ ಬಹುದಿನ ಬಿಡಬೇಕು, ಗಾಯ ಮಾಯುವಾಗ ಗಟ್ಟಿಯಾಗುವ ಕಲೆಯು ಗುಂಡು ಜಾರುವ ದಾರಿಯನ್ನು ಮುಚ್ಚುತ್ತದೆ ಎಂಬುದು ಅದರ ತರ್ಕ. ವಿಧಾನ ಕ್ರೂರವಾದರೂ, ಜಾರುವ ದಿಕ್ಕಿನಲ್ಲಿ ತಡೆ ಕಟ್ಟಬೇಕೆಂಬ ಆಲೋಚನೆ ಇಂದಿನ ಶಸ್ತ್ರಚಿಕಿತ್ಸೆಯಲ್ಲೂ ಉಳಿದಿದೆ.

ನಮ್ಮ ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಭುಜ ತಪ್ಪಿದರೆ ಒನಕೆಯಿಂದ ಕಂಕುಳನ್ನು ಮೇಲೆತ್ತಿ ಕೀಲು ಕೂರಿಸಬೇಕು, ಅನಂತರ ಸ್ವಸ್ತಿಕ ಬಂಧದಿಂದ ಕಟ್ಟಬೇಕು ಎಂದಿದೆ. ಅದೇ ಅಧ್ಯಾಯದಲ್ಲಿ ಪೆಟ್ಟಾದ ಅಂಗೈಯ ಬಗ್ಗೆ ಬರುವ ಮಾತು ಇನ್ನೂ ಮುಖ್ಯವಾದದ್ದು. ಕೈಯಲ್ಲಿ ಮೊದಲು ಮಣ್ಣಿನ ಉಂಡೆ ಹಿಡಿಸಬೇಕು, ಆಮೇಲೆ ಉಪ್ಪಿನ ಗಟ್ಟಿ, ಕೈಗೆ ಬಲ ಬಂದ ಮೇಲೆ ಕಲ್ಲು. ಭಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಅಂಗವನ್ನು ಮರಳಿ ಕೆಲಸಕ್ಕೆ ತರುವ ಕ್ರಮ ಅಲ್ಲಿ ಅಷ್ಟು ಸ್ಪಷ್ಟವಾಗಿದೆ. ಗರಡಿಯ ಪೈಲ್ವಾನರು ಭುಜದ ಸುತ್ತ ತಿರುಗಿಸುವ ಮುದ್ಗರಗಳೂ ಹಗುರದಿಂದ ಭಾರಕ್ಕೆ ಹೋಗುವ ಸಾಧನೆಯವೇ. ಇಲ್ಲಿದ್ದ ಬ್ರಿಟಿಷ್ ಸೈನಿಕರು ಅವನ್ನು ನೋಡಿ ಕಲಿತು ತಮ್ಮ ದೇಶಕ್ಕೆ ಒಯ್ದರು. 19ನೇ ಶತಮಾನದ ಯುರೋಪ್, ಅಮೆರಿಕಗಳ ವ್ಯಾಯಾಮಶಾಲೆಗಳಲ್ಲಿ ಅವು ‘ಇಂಡಿಯನ್ ಕ್ಲಬ್’ ಎಂದು ಮನೆಮಾತಾದವು.

ಫಲಿತಾಂಶ ಕೇಳಿದ ವೈದ್ಯ

ಆಧುನಿಕ ಭುಜಚಿಕಿತ್ಸೆಯ ಚರಿತ್ರೆ ಬಾಸ್ಟನ್ನಿನ ಅರ್ನೆಸ್ಟ್ ಅಮೋರಿ ಕಾಡ್‌ಮನ್ ಅವರಿಂದ ಶುರುವಾಗುತ್ತದೆ ಎಂದರೆ ತಪ್ಪಿಲ್ಲ. ಹರಿದ ರೊಟೇಟರ್ ಕಫ್ ಅನ್ನು ಅವರು 1909ರಲ್ಲಿ ಹೊಲಿದರು, 1911ರಲ್ಲಿ ಅದನ್ನು ವರದಿ ಮಾಡಿದರು. ಮುಂದಕ್ಕೆ ಬಾಗಿ ಕೈಯನ್ನು ಸಡಿಲವಾಗಿ ಇಳಿಬಿಟ್ಟು ತೂಗುವ ವ್ಯಾಯಾಮಕ್ಕೆ ಈಗಲೂ ಅವರದೇ ಹೆಸರು. 1934ರಲ್ಲಿ ಬಂದ ಅವರ ‘ದ ಶೋಲ್ಡರ್’ ಈ ಕ್ಷೇತ್ರದ ಮೊದಲ ಮಹಾಗ್ರಂಥ. ಕಾಡ್‌ಮನ್ ಅವರಿಗೆ ಇನ್ನೊಂದು ಹಟವಿತ್ತು. ಆಪರೇಷನ್ ಮುಗಿಸಿ ಕಳಿಸಿದ ಪ್ರತಿ ರೋಗಿಯೂ ಮುಂದೆ ಹೇಗಿದ್ದಾರೆಂದು ವಿಚಾರಿಸಿ, ಕೊನೆಯ ಫಲಿತಾಂಶವನ್ನು ಆಸ್ಪತ್ರೆ ಬಹಿರಂಗಪಡಿಸಬೇಕು ಎಂದು ಅವರು ವಾದಿಸುತ್ತಿದ್ದರು. ಸಹೋದ್ಯೋಗಿಗಳಿಗೆ ಅದು ಹಿಡಿಸಲಿಲ್ಲ. ಆ ಹಟ ಎಷ್ಟು ಸರಿಯಾಗಿತ್ತೆಂದು ತಿಳಿಯಲು ನೂರು ವರ್ಷ ಬೇಕಾಯಿತು.

ಇದೇ ಅವಧಿಯಲ್ಲಿ ಲಂಡನ್ನಿನ ಬ್ಯಾಂಕಾರ್ಟ್ 1923ರಲ್ಲಿ ಮತ್ತೆ ಮತ್ತೆ ಜಾರುವ ಭುಜದ ಮೂಲ ತೋರಿಸಿದರು: ಬಟ್ಟಲಿನ ಮುಂದಿನ ಅಂಚಿನಿಂದ ಲೇಬ್ರಮ್ ಕಿತ್ತು ಬಂದಿರುತ್ತದೆ. ಅದನ್ನು ಮರಳಿ ಅಂಚಿಗೆ ಕೂರಿಸಿ ಹೊಲಿಯುವ ‘ಬ್ಯಾಂಕಾರ್ಟ್ ರಿಪೇರಿ’ ಇಂದು ಕಬಡ್ಡಿ, ಕುಸ್ತಿ, ಕ್ರಿಕೆಟ್ ಆಟಗಾರರ ಬಾಯಲ್ಲೂ ಇರುವ ಹೆಸರು. ಮೂಳೆಯೇ ಸವೆದಿದ್ದರೆ ಹೆಗಲ ಮೂಳೆಯ ತುಣುಕೊಂದನ್ನು ತಂದು ಅಂಚಿಗೆ ಸ್ಕ್ರೂ ಹಾಕಿ ನಿಲ್ಲಿಸುವ ವಿಧಾನವನ್ನು ಫ್ರಾನ್ಸಿನ ಲಾಟಾರ್ಜೆ 1954ರಲ್ಲಿ ವಿವರಿಸಿದರು.

ಕಬ್ಬಿಣವೇ ಮದ್ದಾದ ಕಾಲ

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ಸೇನಾ ಆಸ್ಪತ್ರೆಗಳು ಗಾಯಾಳುಗಳಿಂದ ತುಂಬಿಹೋಗಿದ್ದವು. ಕೈಕಾಲು ಸೋತವರಿಗೆ ಹಗುರ ಚಲನೆಯನ್ನೇ ನೂರಾರು ಸಲ ಮಾಡಿಸುವುದು ಆಗಿನ ರೂಢಿ. ಷಿಕಾಗೋದ ಗಾರ್ಡಿನರ್ ಆಸ್ಪತ್ರೆಯ ಯುವ ವೈದ್ಯ ಥಾಮಸ್ ಡೆಲೋರ್ಮ್ ಇದನ್ನು ತಿರುಗಿಸಿದರು. ಹುಡುಗನಾಗಿದ್ದಾಗ ರುಮ್ಯಾಟಿಕ್ ಜ್ವರದಿಂದ ಹಾಸಿಗೆ ಹಿಡಿದು, ಭಾರ ಎತ್ತುತ್ತಲೇ ಬಲ ಪಡೆದವರು ಅವರು. ಸೈನಿಕರಿಗೂ ಅದನ್ನೇ ಮಾಡಿಸಿ 1945ರಲ್ಲಿ ಫಲಿತಾಂಶ ಪ್ರಕಟಿಸಿದರು. 1948ರ ಹೊತ್ತಿಗೆ ಕ್ರಮ ಸರಳವಾಯಿತು. ರೋಗಿ ಹತ್ತು ಸಲ ಮಾತ್ರ ಎತ್ತಬಲ್ಲ ತೂಕ ಯಾವುದೆಂದು ಮೊದಲು ಕಂಡುಕೊಳ್ಳಬೇಕು. ಆಮೇಲೆ ಅದರ ಅರ್ಧದಲ್ಲಿ ಹತ್ತು, ಮುಕ್ಕಾಲಿನಲ್ಲಿ ಹತ್ತು, ಪೂರ್ತಿಯಲ್ಲಿ ಹತ್ತು. ಬಲ ಬಂದಂತೆ ತೂಕ ಏರಬೇಕು.

ಇಂದು ಜಿಮ್‌ಗೆ ಹೋಗುವ ಅನೇಕರು ‘ಹತ್ತತ್ತರ ಮೂರು ಸೆಟ್’ ಹೊಡೆಯುತ್ತಾರೆ. ಆ ಲೆಕ್ಕ ಜನಪ್ರಿಯವಾದದ್ದು ಗಾಯಾಳುಗಳ ವಾರ್ಡಿನಿಂದ ಎಂಬುದನ್ನು ಕ್ರೀಡಾಪಟುಗಳು ಮರೆಯಬಾರದು.

ಚಿತ್ರ ನೋಡಿ ಕತ್ತರಿಸಿದ ದಶಕಗಳು

1972ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ನೀರ್ ಮಂಡಿಸಿದ ವಿವರಣೆ ಇಡೀ ಕ್ಷೇತ್ರವನ್ನು ಆವರಿಸಿತು. ಕೈ ಎತ್ತಿದಾಗ ಭುಜದ ನೆತ್ತಿಯ ಮೂಳೆಯಾದ ಅಕ್ರೋಮಿಯನ್‌ನ ಕೊಕ್ಕೆ ಕೆಳಗಿನ ಸ್ನಾಯುರಜ್ಜುವನ್ನು ಉಜ್ಜುತ್ತದೆ, ಆ ಕೊಕ್ಕೆಯನ್ನು ಕೆತ್ತಿ ತೆಗೆದರೆ ನೋವು ಹೋಗುತ್ತದೆ ಎಂಬುದು ಅವರ ವಾದ. ಆರ್ತ್ರೋಸ್ಕೋಪ್ ಬಂದು ಸಣ್ಣ ರಂಧ್ರದಿಂದಲೇ ಕೆತ್ತುವುದು ಸಾಧ್ಯವಾದ ಮೇಲೆ ಈ ಆಪರೇಷನ್ ಹೆಚ್ಚುತ್ತಲೇ ಹೋಯಿತು. ನ್ಯೂಯಾರ್ಕ್ ರಾಜ್ಯವೊಂದರಲ್ಲೇ 1996ರಲ್ಲಿ 5,571 ಇದ್ದದ್ದು 2006ರಲ್ಲಿ 19,743 ಆಯಿತು.

ಎಂಆರ್‌ಐ ಕೂಡ ಇದಕ್ಕೆ ಕೈಜೋಡಿಸಿತು. ನೋವಿನ ಭುಜವನ್ನು ಸ್ಕ್ಯಾನ್ ಮಾಡಿದರೆ ಹರಿದ ಜಾಗ ಕಾಣುತ್ತದೆ, ಕಂಡ ಮೇಲೆ ಹೊಲಿಯಬೇಕೆನಿಸುತ್ತದೆ. ಆದರೆ ನೋವಿಲ್ಲದವರನ್ನೂ ಸ್ಕ್ಯಾನ್ ಮಾಡಿ ನೋಡಿದವರಿದ್ದಾರೆ. 1995ರ ಒಂದು ಅಧ್ಯಯನದಲ್ಲಿ ಭುಜನೋವೇ ಇಲ್ಲದ 96 ಜನರ ಪೈಕಿ ಶೇ 34ರಷ್ಟು ಮಂದಿಗೆ ಕಫ್ ಹರಿದಿತ್ತು. 2003ರಲ್ಲಿ ಇಪ್ಪತ್ತು ಜನ ಎಸೆತದ ಕ್ರೀಡಾಪಟುಗಳನ್ನು ನೋಡಿದಾಗ ಎಂಟು ಮಂದಿಯ ಆಟದ ಕೈಯಲ್ಲಿ ಕಫ್ ಹರಿದದ್ದು ಕಂಡಿತು. ಐದು ವರ್ಷದ ನಂತರವೂ ಅವರಲ್ಲಿ ಯಾರಿಗೂ ತೊಂದರೆ ಬಂದಿರಲಿಲ್ಲ. ಹಾಗಾಗಿ ಸ್ಕ್ಯಾನಿನಲ್ಲಿ ಕಂಡ ಹರಿದ ಜಾಗವೇ ನೋವಿಗೆ ಕಾರಣವೆಂದು ತೀರ್ಮಾನಿಸುವಂತಿಲ್ಲ.

ಪರೀಕ್ಷೆಗೆ ನಿಂತ ಆಪರೇಷನ್

ಕಾಡ್‌ಮನ್ ಕೇಳಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈ ಶತಮಾನದಲ್ಲಿ. ಬ್ರಿಟನ್ನಿನ ಸಂಶೋಧಕರು ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಮೂಳೆ ಕೆತ್ತುವ ಆಪರೇಷನ್, ಇನ್ನೊಂದಕ್ಕೆ ಆರ್ತ್ರೋಸ್ಕೋಪ್ ಹಾಕಿ ನೋಡಿ ಏನೂ ಕೆತ್ತದೆ ಮುಚ್ಚುವುದು, ಮೂರನೆಯದಕ್ಕೆ ಯಾವ ಚಿಕಿತ್ಸೆಯೂ ಇಲ್ಲ. ಕೆತ್ತಿದ್ದಕ್ಕೂ ಕೆತ್ತದೆ ಮುಚ್ಚಿದ್ದಕ್ಕೂ ವ್ಯತ್ಯಾಸವೇ ಕಾಣಲಿಲ್ಲ ಎಂದು 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿಯಾಯಿತು. ಅದೇ ವರ್ಷ ಫಿನ್ಲೆಂಡಿನಿಂದಲೂ ಅಂಥದೇ ಫಲಿತಾಂಶ ಬಂತು. ಲೇಬ್ರಮ್‌ನ ಮೇಲ್ಭಾಗ ಕಿತ್ತುಬರುವ ‘ಸ್ಲ್ಯಾಪ್’ ಗಾಯದ ಆಪರೇಷನ್ನನ್ನು ನಾರ್ವೆಯವರು ಹೀಗೇ ಹುಸಿ ಆಪರೇಷನ್ನಿಗೆ ಹೋಲಿಸಿ 2017ರಲ್ಲಿ ಪ್ರಕಟಿಸಿದ್ದರು, ಅಲ್ಲೂ ಮೇಲುಗೈ ಸಿಗಲಿಲ್ಲ. ಪೆಟ್ಟಿಲ್ಲದೆ ತಾನಾಗಿ ಕಫ್ ಪೂರ್ತಿ ಹರಿದಿದ್ದ 452 ಅಮೆರಿಕನ್ನರಿಗೆ ವ್ಯಾಯಾಮ ಕಲಿಸಿ ಎರಡು ವರ್ಷ ಗಮನಿಸಿದಾಗ ಆಪರೇಷನ್ನಿಗೆ ಹೋದವರು ಕಾಲುಭಾಗಕ್ಕಿಂತ ಕಡಿಮೆ.

ಇದರರ್ಥ ಶಸ್ತ್ರಚಿಕಿತ್ಸೆ ಸೋತಿತೆಂದಲ್ಲ, ಅದರ ಸರಿಯಾದ ಜಾಗ ಗೊತ್ತಾಯಿತು. ಹರೆಯದ ಆಟಗಾರನ ಭುಜ ಮತ್ತೆ ಮತ್ತೆ ಜಾರುತ್ತಿದ್ದರೆ, ಬಿದ್ದ ಏಟಿಗೆ ಕಫ್ ಹರಿದು ಕೈ ಎತ್ತಲಾಗದಿದ್ದರೆ ಶಸ್ತ್ರವೈದ್ಯರ ಬಳಿ ತಡಮಾಡದೆ ಹೋಗಲೇಬೇಕು. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ರೊಟೇಟರ್ ಕಫ್ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿಸಿಕೊಂಡು ಶಸ್ತ್ರಚಿಕಿತ್ಸೆಗೆ ಒಳಗಾದರು. ಮರಳಿ ಬಂದು 1999ರಲ್ಲಿ ಕೋಲ್ಕತ್ತ ಟೆಸ್ಟ್‌ನಲ್ಲಿ ಪಾಕಿಸ್ತಾನದ ವಿರುದ್ಧ 13 ವಿಕೆಟ್ ಪಡೆದರು. ವೇಗದ ಬೌಲರ್‌ಗೆ ಭುಜದ ಆಪರೇಷನ್ ಎಂದರೆ ಆಟ ಮುಗಿಯಿತೆಂದು ಭಾವಿಸುತ್ತಿದ್ದ ದಿನಗಳಲ್ಲಿ ಅದು ದೊಡ್ಡ ಭರವಸೆ.

ನೋವಿನ ಜಾಗದಾಚೆ

ಅಮೆರಿಕದ ಬೆನ್ ಕಿಬ್ಲರ್ ಮೊದಲಾದವರು ಹೆಗಲ ಮೂಳೆಯ ಚಲನೆಯತ್ತ ಗಮನ ಸೆಳೆದ ಮೇಲೆ ಭುಜದ ಪರೀಕ್ಷೆ ನೋವಿರುವ ಜಾಗಕ್ಕಷ್ಟೇ ಸೀಮಿತವಾಗಿ ಉಳಿಯಲಿಲ್ಲ. ಕಾಲು, ಸೊಂಟ, ಬೆನ್ನುಗಳಿಂದ ಏರಿ ಬರುವ ಬಲಕ್ಕೆ ಎಲ್ಲಿ ತಡೆಯಾಗುತ್ತಿದೆ ಎಂದು ಹುಡುಕತೊಡಗಿದರು. ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಅವರದು ನಮ್ಮ ಕಣ್ಣೆದುರಿನ ನಿದರ್ಶನ. ಬೆನ್ನು, ಭುಜಗಳ ಸ್ನಾಯುಗಳ ಅಸಮತೋಲನದಿಂದ ಅವರ ಸ್ನ್ಯಾಚ್, ಅಂದರೆ ಬಾರ್ಬೆಲ್ ಅನ್ನು ಒಂದೇ ಎಳೆತಕ್ಕೆ ತಲೆಯ ಮೇಲೆತ್ತುವ ಪಟ್ಟು, ಮುಗ್ಗರಿಸುತ್ತಿತ್ತು. 2020ರ ಕೊನೆಯಲ್ಲಿ ಅವರು ಅಮೆರಿಕಕ್ಕೆ ಹೋಗಿ, ಸ್ವತಃ ವೇಟ್‌ಲಿಫ್ಟರ್ ಆಗಿದ್ದ ಫಿಸಿಯೋಥೆರಪಿಸ್ಟ್ ಆರನ್ ಹಾರ್ಶಿಗ್ ಅವರಲ್ಲಿ ತಿದ್ದಿಸಿಕೊಂಡರು. 2021ರ ಏಪ್ರಿಲ್‌ನಲ್ಲಿ ತಾಷ್ಕೆಂಟ್‌ನಲ್ಲಿ ಕ್ಲೀನ್ ಅಂಡ್ ಜರ್ಕ್‌ನಲ್ಲಿ 119 ಕಿಲೋ ಎತ್ತಿ ವಿಶ್ವದಾಖಲೆ ಮಾಡಿದರು, ಜುಲೈನಲ್ಲಿ ಟೋಕಿಯೊದಲ್ಲಿ ಒಟ್ಟು 202 ಕಿಲೋ ಎತ್ತಿ ಬೆಳ್ಳಿ ಗೆದ್ದರು.

ಗಾಯಕ್ಕೆ ಮುಂಚೆಯೇ ಭುಜವನ್ನು ಸಜ್ಜು ಮಾಡಬಹುದೆಂದೂ ಈಗ ಗೊತ್ತು. ನಾರ್ವೆಯ 45 ಹ್ಯಾಂಡ್‌ಬಾಲ್ ತಂಡಗಳಲ್ಲಿ ನಡೆದ ಪ್ರಯೋಗದಲ್ಲಿ, ವಾರ್ಮಪ್‌ಗೆ ಕೆಲವು ಭುಜದ ವ್ಯಾಯಾಮ ಸೇರಿಸಿದ ತಂಡಗಳಲ್ಲಿ ತೊಂದರೆಯ ಅಪಾಯ ಶೇ 28ರಷ್ಟು ಇಳಿಯಿತು.

ಮರಳುವ ಮೆಟ್ಟಿಲುಗಳು

ಬೆಂಚ್ ಪ್ರೆಸ್ ಮಾಡುವಾಗ ಭುಜದ ನೆತ್ತಿ ಚುಚ್ಚುತ್ತದೆ ಎನ್ನುವ ಯುವಕನನ್ನೇ ತೆಗೆದುಕೊಳ್ಳಿ. ಕಾಲರ್ ಬೋನಿನ ತುದಿ ಸವೆಯುವ ಈ ತೊಂದರೆಯ ಬಗ್ಗೆ 1982ರಲ್ಲಿ ಬಂದ ವರದಿಯಲ್ಲಿದ್ದ 46 ಕ್ರೀಡಾಪಟುಗಳಲ್ಲಿ 45 ಮಂದಿ ಭಾರ ಎತ್ತುವವರು. ಹಿಂದೆಲ್ಲ ‘ಜಿಮ್ ಬಿಟ್ಟುಬಿಡು’ ಎನ್ನುತ್ತಿದ್ದರು. ಇಂದಿನ ಒಳ್ಳೆಯ ಫಿಸಿಯೋ ಹಿಡಿತದ ಅಂತರ ಕಿರಿದು ಮಾಡಿಸುತ್ತಾರೆ, ಎದೆಯ ಮೇಲೆ ಮಡಚಿದ ಟವೆಲ್ ಇಟ್ಟು ಬಾರ್ ಅಲ್ಲಿಗೇ ನಿಲ್ಲುವಂತೆ ನೋಡುತ್ತಾರೆ, ತೂಕ ಇಳಿಸುತ್ತಾರೆ. ಎಳೆಯುವ ವ್ಯಾಯಾಮ, ಕಾಲಿನ ವ್ಯಾಯಾಮ ಮಾತ್ರ ನಿಲ್ಲದೆ ನಡೆಯುತ್ತವೆ.

ಕಫ್ ನೋವಿಗೂ ಇಂಥದೇ ಕ್ರಮ. ಮೊದಲು ಕೈ ಅಲುಗಿಸದೆ ಗೋಡೆಗೆ ಒತ್ತುವುದು. ಮುಂದೆ ಪಕ್ಕಕ್ಕೆ ಮಲಗಿ, ಮೊಣಕೈಯನ್ನು ಸೊಂಟದ ಮೇಲೆ ಊರಿ ಪುಟ್ಟ ಡಂಬೆಲ್ ಅನ್ನು ನಿಧಾನವಾಗಿ ಎತ್ತಿ ಇಳಿಸುವುದು. ಬಳಿಕ ತಲೆಯ ಮೇಲಿನ ಭಾರ, ಕಡೆಗೆ ವೇಗದ ಸ್ನ್ಯಾಚ್. ಮೆಟ್ಟಿಲು ಏರಬಹುದೇ ಎಂದು ಹೇಳುವುದು ಮರುದಿನದ ಬೆಳಗು: ಹತ್ತಕ್ಕೆ ಮೂರರಷ್ಟು ನೋವು ಮಾಡುವಾಗ ಬಂದರೂ ರಾತ್ರಿ ಕಳೆಯುವಷ್ಟರಲ್ಲಿ ಇಳಿದಿದ್ದರೆ ಅದೇ ತೂಕ ಮುಂದುವರಿಸಬಹುದು, ಹೆಚ್ಚಿದ್ದರೆ ಒಂದು ಮೆಟ್ಟಿಲು ಇಳಿಯಬೇಕು. ಕಫ್ ಹೊಲಿಸಿಕೊಂಡವರಿಗೆ ಈ ಏಣಿ ಉದ್ದ. ಸಾಮಾನ್ಯವಾಗಿ ಆರು ವಾರ ಜೋಲಿ, ಸುಮಾರು ಮೂರು ತಿಂಗಳಿಗೆ ಬಲದ ವ್ಯಾಯಾಮ, ಭಾರದ ತೂಕಕ್ಕೆ ಆರು ತಿಂಗಳೋ ಇನ್ನೂ ಹೆಚ್ಚೋ. ಅವಸರ ಮಾಡಿದರೆ ಹೊಲಿಗೆ ತಾಳುವುದಿಲ್ಲ.

ವ್ಯಾಯಾಮವನ್ನೂ ಕಾಡ್‌ಮನ್ ಕೇಳಿದ ಪ್ರಶ್ನೆಗೆ ಒಡ್ಡಲೇಬೇಕು. ಬ್ರಿಟನ್ನಿನಲ್ಲಿ ಕಫ್ ತೊಂದರೆಯ 708 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ಭೇಟಿಯವರೆಗಿನ ವ್ಯಾಯಾಮ ಚಿಕಿತ್ಸೆಗಿಂತ ಒಂದೇ ಭೇಟಿಯಲ್ಲಿ ಚೆನ್ನಾಗಿ ಹೇಳಿಕೊಟ್ಟ ಸಲಹೆ ಹಿಂದೆ ಬೀಳಲಿಲ್ಲ. ಅವರು ಸ್ಪರ್ಧೆಗಿಳಿಯುವ ಕ್ರೀಡಾಪಟುಗಳಲ್ಲ ನಿಜ. ಆದರೂ ನಮ್ಮಂಥ ನಾಡಿಗೆ ಇದು ಒಳ್ಳೆಯ ಸುದ್ದಿ. ದುಬಾರಿ ಯಂತ್ರವಿಲ್ಲದ ತಾಲ್ಲೂಕು ಜಿಮ್‌ನಲ್ಲೂ, ಕ್ರೀಡಾ ಹಾಸ್ಟೆಲ್‌ನಲ್ಲೂ ಇದನ್ನು ಮಾಡಬಹುದು. ತಿಳಿದ ಫಿಸಿಯೋ ಒಮ್ಮೆ ಕೂತು ಅರ್ಥವಾಗುವಂತೆ ವಿವರಿಸಬೇಕು, ತರಬೇತುದಾರರು ಪ್ರತಿದಿನದ ತೂಕವನ್ನೂ ಮರುದಿನದ ನೋವನ್ನೂ ಪುಸ್ತಕದಲ್ಲಿ ಬರೆದಿಡಬೇಕು, ಯಾವಾಗ ಶಸ್ತ್ರವೈದ್ಯರ ಬಳಿ ಕಳಿಸಬೇಕೆಂಬುದು ಇಬ್ಬರಿಗೂ ಗೊತ್ತಿರಬೇಕು. ಗಾಯಗೊಂಡ ಎಳೆಯರನ್ನು ಮೂಲೆಯಲ್ಲಿ ಕೂರಿಸುವುದೂ ತಪ್ಪು, ‘ನೋವಿನಲ್ಲೇ ಹೊಡಿ’ ಎಂದು ಹುರಿದುಂಬಿಸುವುದೂ ತಪ್ಪು. ಇಂದು ಎಷ್ಟು ಭಾರ ಎಂಬ ಪ್ರಶ್ನೆಯನ್ನು ದಿನವೂ ಕೇಳಿ, ಉತ್ತರ ಬರೆದಿಟ್ಟುಕೊಳ್ಳುವ ತರಬೇತುದಾರರ ಕೈಯಲ್ಲಿ ಹೆಚ್ಚಿನ ಭುಜಗಳು ಮರಳಿ ಭಾರ ಹೊರುತ್ತವೆ.